ಕದ, ಬಾಗಿಲವಾಡ, ಬಿಜಾಗರಿ: ಹಳೆಯ ಫೈಬರ್‌ಗ್ಲಾಸ್ ಟ್ರೇಲರ್‌ಗೆ ಯಾವ ಪದ ಒಪ್ಪುತ್ತದೆ?

ಬಳಗದವರಿಗೆ ನಮಸ್ಕಾರ.

ಕೆನಡಾದಲ್ಲಿರುವ ಕನ್ನಡದ ಗೆಳೆಯರಿಗಾಗಿ ಹಳೆಯ ಫೈಬರ್‌ಗ್ಲಾಸ್ ಟ್ರೇಲರ್‌ಗಳ ಬಾಗಿಲು ರಿಪೇರಿ ಬಗ್ಗೆ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಕಾರಿನ ಹಿಂದೆ ಕಟ್ಟಿಕೊಂಡು ಹೋಗಿ, ಒಳಗೇ ಅಡುಗೆ ಮಾಡಿ ಮಲಗಬಹುದಾದ ಗಾಡಿಗಳಿವು. 1968ರಲ್ಲಿ ವಿನಿಪೆಗ್‌ನ ರೇ ಒಲೆಕೊ ಶುರು ಮಾಡಿದ 13 ಅಡಿಯ ‘ಬೋಲರ್’ ಇವುಗಳಲ್ಲಿ ಹೆಸರಾದದ್ದು. ಮೇಲಿನ ಅರ್ಧ, ಕೆಳಗಿನ ಅರ್ಧ ಬೇರೆ ಬೇರೆ ಅಚ್ಚಿನಲ್ಲಿ ತೆಗೆದು ನಡುವೆ ಕೂಡಿಸಿರುತ್ತಾರೆ. ಮೈಯೆಲ್ಲ ಮೊಟ್ಟೆಯ ಹಾಗೆ ಬಾಗಿರುತ್ತದೆ, ಬಾಗಿಲಿಗೂ ಅದೇ ಬಾಗು.

ತೊಡಕು ಬರುವುದು ‘ಬಾಗಿಲು’ ಎಂಬಲ್ಲೇ. ಒಳಗೆ ಹೋಗುವ ಜಾಗವೂ ಬಾಗಿಲು, ತೆಗೆದು ಮುಚ್ಚುವುದೂ ಬಾಗಿಲು. ಮಾತಿನಲ್ಲಿ ಇದರಿಂದ ತೊಂದರೆ ಇಲ್ಲ. ಆದರೆ ‘ಬಾಗಿಲ ಮೂಲೆಯಲ್ಲಿ ಬಿರುಕು’ ಎಂದು ಬರೆದರೆ ಓದುವವರು ಯಾವುದನ್ನು ನೋಡಬೇಕು? ಗಾಡಿಯ ಮೈಯನ್ನು ಬಾಗಿಲಿಗೆಂದು ಕತ್ತರಿಸಿದ ಕಡೆಯೂ ಮೂಲೆಗಳು ಸೀಳುತ್ತವೆ. ಅಲ್ಲಿ ಉಜ್ಜಿ, ಗಾಜಿನ ನಾರಿನ ಬಟ್ಟೆ ಇಟ್ಟು, ರೆಸಿನ್ (ಹಚ್ಚಿದ ಮೇಲೆ ಗಟ್ಟಿಯಾಗುವ ಅಂಟು) ಹಚ್ಚಿ ಬಲ ಕೊಡಬೇಕು. ಮುಚ್ಚುವ ಬಾಗಿಲಿನ ಕಾಯಿಲೆ ಬೇರೆ. ಎಷ್ಟೋ ಗಾಡಿಗಳಲ್ಲಿ ಅದರ ಎರಡು ಪದರಗಳ ನಡುವೆ ಮರ ಇರುತ್ತದೆ. ಸ್ಕ್ರೂ ತೂತಿನಿಂದ ನೀರಿಳಿದು ಮರ ಕೊಳೆಯುತ್ತದೆ, ಸ್ಕ್ರೂ ಹಿಡಿಯುವುದೇ ಇಲ್ಲ. ಕೊಳೆತದ್ದನ್ನು ಕೆತ್ತಿ, ಚೆನ್ನಾಗಿ ಒಣಗಿಸಿ, ಹೊಸ ಮರವನ್ನೋ ಗಟ್ಟಿ ಎಪಾಕ್ಸಿ ಅಂಟನ್ನೋ ತುಂಬಿ, ಆಮೇಲೆ ತೂತು ಕೊರೆಯಬೇಕು. ಅಷ್ಟು ಮಾಡದೆ ಸುಮ್ನೆ ಹೊಸ ಹಿಡಿ ಹಾಕಿದರೆ ಅದೂ ಸಡಿಲವಾಗುತ್ತದೆ.

ಅದಕ್ಕೇ ಮುಚ್ಚುವುದಕ್ಕೆ ಉದ್ದಕ್ಕೂ ‘ಕದ’ ಎಂದೇ ಬರೆಯೋಣ ಅಂದುಕೊಂಡಿದ್ದೇನೆ. ನಿಮ್ಮ ಕಡೆ ಈ ಪದ ಇನ್ನೂ ಆಡುಮಾತಿನಲ್ಲಿ ಇದೆಯಾ, ಇಲ್ಲಾ ಪದ್ಯದ ಪದವಾಗಿ ಕೇಳಿಸುತ್ತಾ?

ಚೌಕಟ್ಟಿನದು ಇನ್ನೂ ಕಷ್ಟ. ಮೈಸೂರು ಕಡೆ ಬಾಗಿಲವಾಡ, ಕರಾವಳಿಯಲ್ಲಿ ದಾರಂದ. ಎರಡನ್ನು ಕೇಳಿದರೂ ಗೋಡೆಗೆ ಕೂರಿಸಿದ ಮರದ ಚೌಕಟ್ಟು ಕಣ್ಣಿಗೆ ಬರುತ್ತದೆ. ಇಲ್ಲಿ ಅಂಥ ಚೌಕಟ್ಟು ಬೇರೆ ಇಲ್ಲ, ಗಾಡಿಯ ಮೈಯ ಅಂಚೇ ಆ ಕೆಲಸ ಮಾಡುತ್ತದೆ. ನನಗೆ ‘ಬಾಗಿಲಂಚು’ ಹಿಡಿಸಿದೆ. ಬಾಗಿಲವಾಡವನ್ನೇ ಹಿಗ್ಗಿಸಿ ಬಳಸಬಹುದು ಅನ್ನುವವರಿದ್ದರೆ ಕಾರಣ ತಿಳಿಸಿ.

ಕದವನ್ನು ಅಂಚಿಗೆ ಸೇರಿಸಿ ತಿರುಗಲು ಬಿಡುವ ಬಿಜಾಗರಿಯ (ಹಿಂಜ್) ಬಗ್ಗೆ ನನಗೆ ಅನುಮಾನ ಇಲ್ಲ, ಬಡಗಿಗಳ ಬಾಯಲ್ಲಿರುವ ಪದ ಅದು. ‘ಕೀಲು’ ಅಂದರೆ ಮೊಣಕಾಲಿನದೂ ಆಗಬಹುದು. ಬಿಜಾಗರಿಯ ಬುಷ್ (ಅದರ ಕಡ್ಡಿಯ ಸುತ್ತ ಇರುವ ಬಳೆ) ಸವೆದು ಕದ ಕೆಳಗೆ ಬಂದರೆ ‘ಕದ ಜೋತಿದೆ’ ಅನ್ನಬಹುದು, ಅಲ್ವಾ?

ಆದರೆ ಜೋತಿರದೆಯೂ ಕದ ಕೂರದೆ ಹೋಗಬಹುದು. ವರ್ಷಗಳು ಕಳೆದಂತೆ ಕದದ ಬಾಗು ಕಡಿಮೆಯಾಗುತ್ತದೆ, ಮೈಯ ಬಾಗು ಹಾಗೇ ಉಳಿಯುತ್ತದೆ. ನಡುವೆ ಚಿಲಕ ಬೀಳುತ್ತದೆ, ಮೇಲೆ ಇಲ್ಲವೇ ಕೆಳಗೆ ಸಂದು ಬಿಟ್ಟು ಮಳೆ ನೀರು ಬರುತ್ತದೆ. ಇದನ್ನು ಜೋತಿದೆ ಅಂದುಕೊಂಡು ಬಿಜಾಗರಿ ಬದಲಿಸಿದರೆ ದುಡ್ಡು ದಂಡ. ದಪ್ಪ ರಬ್ಬರ್ ಪಟ್ಟಿ ಅಂಟಿಸಿದರೂ ಅದು ಕದವನ್ನು ಇನ್ನಷ್ಟು ಹೊರಗೆ ತಳ್ಳಿ, ಬಿಜಾಗರಿಯ ಮೇಲೆ ಜಾಸ್ತಿ ಭಾರ ಹಾಕುತ್ತದೆ. ಇದಕ್ಕೆ ‘ಬಾಗು ಬಿಟ್ಟಿದೆ’ ಎಂದು ಬರೆದಿದ್ದೇನೆ. ‘ಸೊಟ್ಟಗಾಗಿದೆ’ ಸರಿಹೋಗಲಿಲ್ಲ, ಇಲ್ಲಿ ಕದ ನೆಟ್ಟಗಾದದ್ದೇ ತೊಂದರೆ.

ಕೊನೆಯದು ಚಿಲಕ. ಮನೆಯ ಚಿಲಕವನ್ನು ಕೈಯಿಂದ ಸರಿಸುತ್ತೇವೆ. ಇಲ್ಲಿ ಹಿಡಿ ತಿರುಗಿಸಿದಾಗ ಒಳಗೆ ಸರಿದು, ಬಿಟ್ಟಾಗ ಸ್ಪ್ರಿಂಗಿನಿಂದ ಹೊರಗೆ ಬರುವ ತುಂಡಿದೆ. ಅದನ್ನು ‘ನಾಲಿಗೆ’ ಅಂದಿದ್ದೇನೆ. ಆ ನಾಲಿಗೆ ಹೋಗಿ ಕೂರುವ, ಅಂಚಿಗೆ ಬಡಿದ ಲೋಹದ ತಗಡಿಗೆ ಮಾತ್ರ ಪದ ಸಿಕ್ಕಿಲ್ಲ. ಹಿಡಿ ಬದಲಿಸಿದ ಮೇಲೆ ಜಾಸ್ತಿ ಹೊಂದಿಸಬೇಕಾದದ್ದು ಅದನ್ನೇ. ಬಸ್, ಲಾರಿ ಬಾಡಿ ಕಟ್ಟುವವರ ಜೊತೆ ಒಡನಾಟ ಇರುವವರು ದಯವಿಟ್ಟು ಕೇಳಿ ಹೇಳಿ: ಅವರು ಅದನ್ನು ಏನಂತಾರೆ?