‘ಸಾಮೂಹಿಕ ಅಪರಾಧ’ ಸರಿಯೇ? ‘ಹೊಣೆ’ಯ ಬಗ್ಗೆ ಒಂದು ಪ್ರಶ್ನೆ

ಎಲ್ಲರಿಗೂ ನಮಸ್ಕಾರ.

ಎರಡನೇ ಮಹಾಯುದ್ಧದ ನಂತರದ ಜರ್ಮನಿಯ ಬಗ್ಗೆ ಬರೆಯುತ್ತಿದ್ದೇನೆ. ಒಂದು ಪದದ ಹತ್ತಿರ ಕೈ ನಿಂತುಬಿಟ್ಟಿದೆ. ಗುಂಪಿನ ಕೆಲವರು ಹಿಂದೆ ಮಾಡಿದ ಅನ್ಯಾಯಕ್ಕೆ ಇಡೀ ಗುಂಪನ್ನೇ ತಪ್ಪಿತಸ್ಥರೆಂದು ಎಣಿಸುತ್ತಾರಲ್ಲ, ಅದಕ್ಕೆ ಏನನ್ನೋಣ?

ಮೊದಲು ‘ಸಾಮೂಹಿಕ ಅಪರಾಧ’ ಎಂದು ಬರೆದೆ. ಓದಿದ ಗೆಳತಿ, ‘ಎಲ್ಲರೂ ಸೇರಿ ಮಾಡಿದ್ದಾ?’ ಎಂದು ಕೇಳಿದಳು. ಅವಳು ಕೇಳಿದ್ದು ಸರಿ. ಪೇಪರಿನಲ್ಲಿ ‘ಸಾಮೂಹಿಕ’ ಅಂದರೆ ಹಲವರು ಕೂಡಿ ಎಸಗಿದ್ದು ಎಂದೇ ಅರ್ಥ. ಇಲ್ಲಿ ಮಾತು ಏನೂ ಮಾಡದವರದ್ದು, ಆಗಿನ್ನೂ ಹುಟ್ಟೇ ಇರದವರದ್ದು. ‘ಪಾಪಪ್ರಜ್ಞೆ’ಯೂ ಕೂರುವುದಿಲ್ಲ. ಅದು ಒಳಗೆ ಚುಚ್ಚುವ ನೋವು. ತಪ್ಪೇ ಮಾಡದವರನ್ನೂ ಅದು ಚುಚ್ಚುತ್ತದೆ, ಮಾಡಿದವರನ್ನು ಎಷ್ಟೋ ಸಲ ಸುಮ್ನೆ ಬಿಡುತ್ತದೆ.

ಜರ್ಮನ್ನರ ‘ಶುಲ್ಡ್’ ತಪ್ಪೂ ಹೌದು, ಸಾಲವೂ ಹೌದು. ಅಲ್ಲಿನ ತತ್ವಜ್ಞಾನಿ ಕಾರ್ಲ್ ಯಾಸ್ಪರ್ಸ್ 1946ರಲ್ಲಿ ಅದನ್ನು ನಾಲ್ಕಾಗಿ ಬಿಡಿಸಿದರು: ಕಾನೂನಿನದು, ರಾಜಕೀಯದ್ದು, ಆತ್ಮಸಾಕ್ಷಿಯದು, ಸುಮ್ಮನೆ ಮನುಷ್ಯನಾಗಿದ್ದಕ್ಕೇ ತಟ್ಟುವಂಥದ್ದು. 1985ರ ಮೇ 8ರಂದು ಪಶ್ಚಿಮ ಜರ್ಮನಿಯ ಅಧ್ಯಕ್ಷ ವೈಟ್ಸ್‌ಸೆಕರ್ ಇನ್ನೂ ನೇರವಾಗಿ ಹೇಳಿದರು. ಇಡೀ ಜನತೆಯ ತಪ್ಪು ಎಂಬುದಿಲ್ಲ, ತಪ್ಪು ಒಬ್ಬೊಬ್ಬರದು. ಆದರೆ ಆಗಿಹೋದದ್ದನ್ನು ತಪ್ಪಿತಸ್ಥರು, ಅಲ್ಲದವರು, ಹಿರಿಯರು, ಕಿರಿಯರು ಎಲ್ಲರೂ ಒಪ್ಪಿಕೊಳ್ಳಬೇಕು ಎಂದರು.

ಇದನ್ನು ಕನ್ನಡಕ್ಕೆ ತರುವಾಗ ನನಗೆ ಹಿಡಿಸಿದ್ದು ನಮ್ಮ ಕ್ರಿಯಾಪದಗಳು. ತಪ್ಪನ್ನು ‘ಮಾಡುತ್ತೇವೆ’. ಹೊಣೆಯನ್ನು ‘ಹೊರುತ್ತೇವೆ’. ‘ಮಾಡಿದ್ದುಣ್ಣೋ ಮಹರಾಯ’ ಅನ್ನುವುದು ಮಾಡಿದವನಿಗೆ ಮಾತ್ರ. ಹೊಣೆ ಹಾಗಲ್ಲ. ಸಾಲ ತೆಗೆದುಕೊಂಡವನು ಒಬ್ಬ, ಅವನಿಗೆ ಹೊಣೆ ನಿಂತವನು ಇನ್ನೊಬ್ಬ. ತಾನು ಮುಟ್ಟದ ದುಡ್ಡಿಗೂ ಅವನು ಉತ್ತರ ಕೊಡಬೇಕು. ನಾನು ಹುಡುಕುತ್ತಿದ್ದ ಅರ್ಥ ಆ ಪದದ ಹೊಟ್ಟೆಯಲ್ಲೇ ಇತ್ತು, ಅಲ್ವಾ? ‘ಜವಾಬ್ದಾರಿ’ಯೂ ಜವಾಬು ಕೊಡುವುದರಿಂದಲೇ ಬಂದದ್ದು. ಆದರೆ ಈಗ ಅದು ಮನೆ, ಕೆಲಸ, ಕರ್ತವ್ಯದ ಕಡೆಗೆ ಜಾಸ್ತಿ ವಾಲಿದೆ.

ಹಾಗಾಗಿ ಹಂಚಿಕೊಂಡು ಹೊರುವುದಕ್ಕೆ ‘ಕೂಡುಹೊಣೆ’ ಎಂದು ಇಟ್ಟುಕೊಂಡಿದ್ದೇನೆ. ಕಿವಿಗೆ ಹೇಗೆ ಕೇಳುತ್ತದೆ, ಹೇಳಿ. ಒಂದು ತೊಡಕಿದೆ: ಹೊಣೆ ನಿಲ್ಲುವವನು ತಾನಾಗಿ ಒಪ್ಪಿ ನಿಲ್ಲುತ್ತಾನೆ. ಇಲ್ಲಿ ಹುಟ್ಟಿನಿಂದಲೇ ಹೆಗಲಿಗೆ ಬರುತ್ತದೆ. ಅದಕ್ಕೆ ‘ಋಣ’ ಹತ್ತಿರವೇ?

ಇಡೀ ಗುಂಪಿನ ಮೇಲೆ ಹೊರಿಸುವ ಆ ತಪ್ಪಿಗೆ ಮಾತ್ರ ಇನ್ನೂ ಪದ ಸಿಕ್ಕಿಲ್ಲ. ‘ಕಳಂಕ’ ಅಂದರೆ ಬರೀ ಹೆಸರು ಕೆಟ್ಟಂತೆ. ‘ಗುಂಪುದೋಷ’ ಎಂದರೆ ಅರ್ಥವಾಗುತ್ತದೆಯೇ? ನಿಮ್ಮ ಕಡೆ ಮಾತಿನಲ್ಲಿ ಬೇರೆ ಯಾವುದಾದರೂ ಇದ್ದರೆ ದಯವಿಟ್ಟು ತಿಳಿಸಿ.