ಜಪಾನ್‌ನಿಂದ ಬಂದ ಲ್ಯಾಪ್‌ಟಾಪ್: ಫಾರ್ಮ್ಯಾಟ್ ಮಾಡದೆ ಭಾಷೆ ಬದಲಿಸಬಹುದಾ?

ಚನ್ನಗಿರಿ_ಅಡಿಕೆ

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ನಾಗೋಯಾದಲ್ಲಿ ಕೆಲಸದಲ್ಲಿದ್ದಾನೆ. ಈ ಸಲ ಊರಿಗೆ ಬಂದಾಗ ಅಲ್ಲೇ ಕೊಂಡಿದ್ದ ತನ್ನ ಲ್ಯಾಪ್‌ಟಾಪನ್ನು ನನ್ನ ಮಗಳಿಗೆ ಅಂತ ಬಿಟ್ಟು ಹೋಗಿದ್ದಾನೆ. ಅವಳು ಬಿ.ಕಾಂ. ಓದುತ್ತಿದ್ದಾಳೆ. ಯಂತ್ರ ಚೆನ್ನಾಗಿದೆ, ವಿಂಡೋಸ್ 11 ಇದೆ, ಆದರೆ ಸ್ಕ್ರೀನ್ ತುಂಬ ಬರೀ ಜಪಾನೀಸ್. ಶಟ್‌ಡೌನ್ ಯಾವುದು ರೀಸ್ಟಾರ್ಟ್ ಯಾವುದು ಅಂತಲೂ ತಿಳಿಯುವುದಿಲ್ಲ. ತಮ್ಮನಿಗೆ ಜಪಾನೀಸ್ ಬರುತ್ತದೆ, ಹಾಗಾಗಿ ಅವನಿಗೆ ಅದು ತೊಂದರೆ ಅಂತ ಅನಿಸಿಯೇ ಇಲ್ಲ.

ಇಲ್ಲಿನ ಒಂದು ಅಂಗಡಿಗೆ ತೆಗೆದುಕೊಂಡು ಹೋದೆ. ಆನ್ ಕೂಡ ಮಾಡದೆ "ಇದು ಜಪಾನ್ ವಿಂಡೋಸು ಮೇಡಂ, ಪೂರ್ತಿ ಫಾರ್ಮ್ಯಾಟ್ ಹೊಡೆದು ಬೇರೆ ಹಾಕಬೇಕು" ಅಂದರು. ಹಾಕುವುದು ಒರಿಜಿನಲ್ಲಾ, ಬಿಲ್ ಕೊಡುತ್ತೀರಾ ಅಂತ ಕೇಳಿದರೆ ಮಾತು ಬದಲಿಸಿದರು. ಅಲ್ಲಿ ಕೊಡೋಕೆ ಮನಸ್ಸಾಗಲಿಲ್ಲ, ಏಕೆಂದರೆ ತಮ್ಮನ ಮಕ್ಕಳ ಫೋಟೋಗಳೆಲ್ಲ ಇನ್ನೂ ಅದರಲ್ಲೇ ಇವೆ.

ಫಾರ್ಮ್ಯಾಟ್ ಮಾಡದೆ ಇಂಗ್ಲಿಷ್ ಮಾಡಿಕೊಳ್ಳಬಹುದಾ? ಇನ್ನೊಂದು ವಿಷಯ. ನಮ್ಮ ಮಾವನವರು ಅಡಿಕೆ ಲೆಕ್ಕ ನೋಡಿಕೊಳ್ಳುತ್ತಾರೆ, ಅವರಿಗೆ ಕನ್ನಡ ಬಿಟ್ಟರೆ ಬೇರೆ ಓದೋಕೆ ಬರುವುದಿಲ್ಲ. ಅವರಿಗೆ ಬೇಕಾದಾಗ ಅದೇ ಯಂತ್ರವನ್ನು ಕನ್ನಡದಲ್ಲಿ ತೋರಿಸೋಕೆ ಆಗುತ್ತಾ? ಹಳೇ ಲೆಕ್ಕಗಳು ನುಡಿ ಅನ್ನುವ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದವು, ಪೆನ್‌ಡ್ರೈವ್‌ನಲ್ಲಿ ಇಟ್ಟಿದ್ದೇವೆ.

---

ಹುಬ್ಬಳ್ಳಿ_ರಿಪೇರಿ

ಅಕ್ಕಾವರೇ, ಅಂಗಡಿಗೆ ಕೊಡದೆ ವಾಪಸ್ ತಂದಿದ್ದು ಬಹಳ ಒಳ್ಳೆಯದಾಯಿತು. ದಯವಿಟ್ಟು ಫಾರ್ಮ್ಯಾಟ್ ಮಾಡಿಸಬೇಡಿ. ಜಪಾನ್ ವಿಂಡೋಸ್ ಅಂತ ಬೇರೆ ಒಂದು ವಿಂಡೋಸ್ ಇಲ್ಲ. ವಿಂಡೋಸ್ ಒಂದೇ, ಅದರ ಮೇಲೆ ಜಪಾನೀಸ್ ಭಾಷಾ ಪ್ಯಾಕ್ ಕೂತಿದೆ, ಅಷ್ಟೇ. ವಿಂಡೋಸ್ 8 ಬಂದಾಗಿನಿಂದ, ಅಂದರೆ 2012ರಿಂದ, ಕಂಪನಿಯಿಂದ ಬರುವ ಲ್ಯಾಪ್‌ಟಾಪ್‌ಗಳಲ್ಲಿ ಲೈಸೆನ್ಸ್ ಕೀ ಮದರ್‌ಬೋರ್ಡಿನ ಚಿಪ್‌ನಲ್ಲೇ ಬರೆದಿರುತ್ತದೆ. ನಿಮ್ಮ ತಮ್ಮ ಲೈಸೆನ್ಸಿನ ದುಡ್ಡನ್ನು ಅಲ್ಲೇ ಕೊಟ್ಟಾಗಿದೆ. ಒರಿಜಿನಲ್ ಅಳಿಸಿ ಅದರ ಜಾಗಕ್ಕೆ ಕಾಪಿ ವಿಂಡೋಸ್ ಹಾಕಿ ಮೇಲೆ ಕೂಲಿ ಬೇರೆ ತೆಗೆದುಕೊಳ್ಳುತ್ತಾರಲ್ಲ, ಅದನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟ ಆಗುತ್ತದೆ.

ಮೊದಲು ನೋಡಬೇಕಾದ್ದು ಒಂದೇ, ಯಾವ ಎಡಿಷನ್, ಅಂದರೆ ವಿಂಡೋಸ್‌ನ ಯಾವ ಬಗೆ ಅಂತ. ವಿಂಡೋಸ್ ಕೀ ಜೊತೆ ಆರ್ ಒತ್ತಿ. ಚಿಕ್ಕ ಪೆಟ್ಟಿಗೆ ಬರುತ್ತದೆ. ಅದರಲ್ಲಿ ವಿನ್‌ವರ್ ಅಂತ ಇಂಗ್ಲಿಷ್ ಅಕ್ಷರದಲ್ಲಿ, ಡಬ್ಲ್ಯು ಐ ಎನ್ ವಿ ಇ ಆರ್, ಟೈಪ್ ಮಾಡಿ ಎಂಟರ್ ಒತ್ತಿ. ಟೈಪ್ ಮಾಡುವಾಗ ಜಪಾನೀ ಅಕ್ಷರ ಬಂದರೆ ಗಾಬರಿ ಬೇಡ, ಎಡಗಡೆ ಮೇಲೆ ಎಸ್ಕೇಪ್ ಕೀ ಕೆಳಗೆ, 1 ಅಂಕಿಯ ಕೀ ಪಕ್ಕ, ಜಪಾನೀಸಿನಲ್ಲಿ ಬರೆದ ಕೀ ಇರುತ್ತದೆ, ಅದನ್ನು ಒಮ್ಮೆ ಒತ್ತಿದರೆ ಇಂಗ್ಲಿಷ್ ಆಗುತ್ತದೆ. ಆಮೇಲೆ ತೆರೆಯುವ ಪೆಟ್ಟಿಗೆಯಲ್ಲಿ ಉಳಿದದ್ದೆಲ್ಲ ಜಪಾನೀಸ್ ಇದ್ದರೂ ಎಡಿಷನ್ ಹೆಸರು ಇಂಗ್ಲಿಷ್ ಅಕ್ಷರದಲ್ಲೇ ಇರುತ್ತದೆ. ಬರೀ ವಿಂಡೋಸ್ 11 ಹೋಮ್ ಅಥವಾ ಪ್ರೊ ಅಂತ ಇದ್ದರೆ ಭಾಷೆ ಬದಲಿಸೋಕೆ ಯಾವ ಅಡ್ಡಿಯೂ ಇಲ್ಲ. ಹೋಮ್ ಪಕ್ಕದಲ್ಲಿ ಸಿಂಗಲ್ ಲ್ಯಾಂಗ್ವೇಜ್ ಅಂತ ಸೇರಿದ್ದರೆ ಮಾತು ಬೇರೆ. ಅದರಲ್ಲಿ ಒಂದು ಸಲಕ್ಕೆ ಒಂದೇ ಭಾಷೆ, ಬೇರೆ ಭಾಷೆ ಬೇಕಾದರೆ ವಿಂಡೋಸನ್ನೇ ಹೊಸದಾಗಿ ಆ ಭಾಷೆಯಲ್ಲಿ ಹಾಕಬೇಕು. ಆಗಲೂ ಲೈಸೆನ್ಸ್ ಅದೇ, ಹೊಸದು ಕೊಳ್ಳಬೇಕಾಗಿಲ್ಲ. ನಮ್ಮಲ್ಲಿ ಮಾರುವ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಈ ಸಿಂಗಲ್ ಲ್ಯಾಂಗ್ವೇಜೇ ಇರುತ್ತದೆ. ಜಪಾನ್‌ನದ್ದರಲ್ಲಿ ಸಾಮಾನ್ಯವಾಗಿ ಬರೀ ಹೋಮ್ ಇರುವುದನ್ನು ನಾನು ನೋಡಿದ್ದೇನೆ.

ಹೋಮ್ ಇದ್ದರೆ ಹೀಗೆ ಮಾಡಿ. ನೆಟ್ ಕನೆಕ್ಟ್ ಮಾಡಿಕೊಳ್ಳಿ. ವಿಂಡೋಸ್ ಕೀ ಜೊತೆ ಐ ಒತ್ತಿದರೆ ಸೆಟ್ಟಿಂಗ್ಸ್ ಬರುತ್ತದೆ. ಎಡಗಡೆ ಪಟ್ಟಿಯಲ್ಲಿ ಗಡಿಯಾರದ ಚಿತ್ರ ಇರುವುದನ್ನು ಒತ್ತಿ. ಬಲಗಡೆ ಬರುವುದರಲ್ಲಿ ಎರಡನೆಯದು ಭಾಷೆ ಮತ್ತು ಪ್ರದೇಶದ್ದು, ಅದರ ಒಳಗೆ ಹೋದರೆ ನೀಲಿ ಬಟನ್ ಕಾಣುತ್ತದೆ, ಭಾಷೆ ಸೇರಿಸುವುದು ಅದೇ. ಹುಡುಕುವ ಜಾಗದಲ್ಲಿ ಇಂಗ್ಲಿಷ್ ಅಂತ ಟೈಪ್ ಮಾಡಿ, ಯುನೈಟೆಡ್ ಸ್ಟೇಟ್ಸ್ ಇರುವುದನ್ನೇ ಆರಿಸಿ. ಇಂಡಿಯಾದ್ದು ಕಂಡರೂ ಅದು ಬೇಡ, ಪೂರ್ತಿ ಭಾಷಾ ಪ್ಯಾಕ್ ಇರುವುದು ಅಮೆರಿಕ ಮತ್ತು ಬ್ರಿಟನ್ ಇಂಗ್ಲಿಷಿಗೆ. ಮುಂದಿನ ಪುಟದಲ್ಲಿ ಇದನ್ನೇ ವಿಂಡೋಸ್ ಭಾಷೆ ಮಾಡು ಅನ್ನುವ ಟಿಕ್ ಇರುತ್ತದೆ, ಅದನ್ನು ಹಾಕಿ. ಡೌನ್‌ಲೋಡ್ ಸ್ವಲ್ಪ ಹೊತ್ತು ಹಿಡಿಯುತ್ತದೆ, ಮುಗಿದ ಮೇಲೆ ಸೈನ್ ಔಟ್ ಆಗಿ ಒಳಗೆ ಬಂದರೆ ಇಂಗ್ಲಿಷ್. ಫೋಟೋ, ಫೈಲ್ ಯಾವುದಕ್ಕೂ ಏನೂ ಆಗುವುದಿಲ್ಲ.

ಓದೋಕೆ ಆಗದ ಪುಟ ಬಂದರೆ ಫೋನಿನಲ್ಲಿ ಗೂಗಲ್ ಲೆನ್ಸ್ ತೆರೆದು ಸ್ಕ್ರೀನ್ ಮುಂದೆ ಹಿಡಿಯಿರಿ, ಜಪಾನೀಸನ್ನು ಅಲ್ಲೇ ಕನ್ನಡ ಮಾಡಿ ತೋರಿಸುತ್ತದೆ.

---

ಶೆಂಜೆನ್_ಕನ್ನಡಿಗ

ಮೇಲಿನವರು ಹೇಳಿದ್ದು ಸರಿಯಾಗಿದೆ. ಚೀನಾದಿಂದ ತರುವವರು ಇದನ್ನು ಓದುತ್ತಿದ್ದರೆ ಒಂದು ಮಾತು. ಇಲ್ಲಿ ಅಂಗಡಿಯಲ್ಲಿ ಸಿಗುವ ಲ್ಯಾಪ್‌ಟಾಪ್‌ಗಳಲ್ಲಿ ಹೋಮ್ ಅಂತ ಇರುವುದು ಸಾಮಾನ್ಯವಾಗಿ ಚೀನಾಕ್ಕೆ ಅಂತಲೇ ಮಾಡಿದ ಹೋಮ್. ಅದರಲ್ಲಿ ಸರಳ ಚೀನೀ ಭಾಷೆ ಬಿಟ್ಟು ಬೇರೆ ಭಾಷೆಯಲ್ಲಿ ಮೆನು ಬರುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಇಂಗ್ಲಿಷ್ ಸೇರಿಸಬಹುದು, ಟೈಪ್ ಮಾಡಬಹುದು, ಮೆನು ಮಾತ್ರ ಚೀನೀಯಲ್ಲೇ ಉಳಿಯುತ್ತದೆ, ಲೈಸೆನ್ಸ್ ಒಪ್ಪುವುದಿಲ್ಲ ಅಂತ ಸಂದೇಶ ಕೊಡುತ್ತದೆ. ಸರಿಯಾದ ದಾರಿ ಅಂದರೆ ದುಡ್ಡು ಕೊಟ್ಟು ಪ್ರೊಗೆ ಏರಿಸುವುದು. ಹಾಗಾಗಿ ಇಲ್ಲಿಂದ ಊರಿಗೆ ಒಯ್ಯುವುದಾದರೆ ಕೊಳ್ಳುವ ಮೊದಲೇ ಅಂಗಡಿಯಲ್ಲಿ ಆನ್ ಮಾಡಿಸಿ ಎಡಿಷನ್ ನೋಡಿ. ಬೆಲೆ ಕಡಿಮೆ ಅಂತ ತೆಗೆದುಕೊಂಡು ಆಮೇಲೆ ಪ್ರೊಗೆ ಮತ್ತೆ ದುಡ್ಡು ಹಾಕಿದರೆ ಉಳಿತಾಯ ಎಲ್ಲಿ ಬಂತು?

ಮ್ಯಾಕ್‌ನಲ್ಲಿ ಈ ತಾಪತ್ರಯವೇ ಇಲ್ಲ. ಯಾವ ದೇಶದಲ್ಲಿ ಕೊಂಡರೂ ಸಿಸ್ಟಮ್ ಸೆಟ್ಟಿಂಗ್ಸ್‌ನಲ್ಲಿ ಭಾಷೆ ಬದಲಿಸಿ ರೀಸ್ಟಾರ್ಟ್ ಮಾಡಿದರೆ ಆಯಿತು. ಕೀಬೋರ್ಡಿನ ಮೇಲಿನ ಅಚ್ಚು ಮಾತ್ರ ಕೊಂಡ ದೇಶದ್ದೇ ಇರುತ್ತದೆ.

---

ಚನ್ನಗಿರಿ_ಅಡಿಕೆ

ತುಂಬಾ ಥ್ಯಾಂಕ್ಸ್! ಬರೀ ಹೋಮ್ ಅಂತಲೇ ಇತ್ತು. ನೀವು ಹೇಳಿದ ಹಾಗೆಯೇ ಮಾಡಿದೆ, ಸ್ಟಾರ್ಟ್ ಮೆನುವೆಲ್ಲ ಇಂಗ್ಲಿಷ್ ಆಯಿತು, ಮಗಳಿಗೆ ಖುಷಿಯೋ ಖುಷಿ.

ಈಗ ಮೂರು ತಕರಾರು ಉಳಿದಿವೆ. ಆನ್ ಮಾಡಿದಾಗ ಮೊದಲು ಬರುವ ಪಾಸ್‌ವರ್ಡ್ ಪುಟ ಇನ್ನೂ ಜಪಾನೀಸಿನಲ್ಲೇ ಇದೆ. ಎರಡನೆಯದು, ಈಮೇಲ್ ಬರೆಯುವಾಗ ಅಟ್ ಗುರುತಿನ ಕೀ ಒತ್ತಿದರೆ ಚೌಕ ಬ್ರಾಕೆಟ್ ಬರುತ್ತದೆ. ಕೀಬೋರ್ಡ್ ಕೆಟ್ಟಿದೆಯಾ? ಮೂರನೆಯದು, ನುಡಿಯ ಹಳೇ ಲೆಕ್ಕಗಳನ್ನು ಪೆನ್‌ಡ್ರೈವ್‌ನಿಂದ ತೆರೆದರೆ ಕೆಲವು ಫೈಲ್‌ಗಳಲ್ಲಿ ಕನ್ನಡದ ನಡುನಡುವೆ ಜಪಾನೀ ಅಕ್ಷರ ಕಾಣುತ್ತಿವೆ. ಮಾವನವರು ಅದನ್ನು ನೋಡಿ ಲೆಕ್ಕವೆಲ್ಲ ಹೋಯಿತು ಅಂತ ಊಟ ಬಿಟ್ಟು ಕೂತಿದ್ದಾರೆ.

---

ಟೋಕಿಯೋದಿಂದ_ಮಂಗಳೂರಿಗೆ

ಮೊದಲು ಮಾವನವರಿಗೆ ಊಟ ಮಾಡೋಕೆ ಹೇಳಿ, ಲೆಕ್ಕ ಎಲ್ಲೂ ಹೋಗಿಲ್ಲ. ಒಂದೇ ಒಂದು ಎಚ್ಚರಿಕೆ, ಆ ಫೈಲ್‌ಗಳನ್ನು ತೆರೆದಾಗ ಸೇವ್ ಒತ್ತಬೇಡಿ, ಸುಮ್ನೆ ಮುಚ್ಚಿಬಿಡಿ. ಪೆನ್‌ಡ್ರೈವ್‌ನ ಇನ್ನೊಂದು ಪ್ರತಿಯನ್ನೂ ಮಾಡಿಟ್ಟುಕೊಳ್ಳಿ.

ಕಾರಣ ಹೇಳುತ್ತೇನೆ. ನುಡಿಯ ಹಳೇ ಫೈಲ್‌ಗಳು ಯೂನಿಕೋಡ್, ಅಂದರೆ ಎಲ್ಲ ಭಾಷೆಗೂ ಸೇರಿ ಇರುವ ಒಂದೇ ಅಕ್ಷರ ಸಂಕೇತ ಪದ್ಧತಿ, ಅಲ್ಲ. ಒಳಗೆ ಇರುವುದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತ, ಅದರ ಮೇಲೆ ಕನ್ನಡದ ಫಾಂಟ್ ಹೊದಿಸಿರುತ್ತಾರೆ. ನಿಮ್ಮ ಯಂತ್ರದಲ್ಲಿ ಮೆನು ಇಂಗ್ಲಿಷ್ ಆಗಿದ್ದರೂ ಯೂನಿಕೋಡ್ ಗೊತ್ತಿಲ್ಲದ ಹಳೇ ಪ್ರೋಗ್ರಾಂಗಳಿಗೆ ಅಂತ ಇರುವ ಸೆಟ್ಟಿಂಗ್ ಬೇರೆಯೇ ಇದೆ, ಅದು ಇನ್ನೂ ಜಪಾನೀಸ್. ಜಪಾನೀ ಪದ್ಧತಿಯಲ್ಲಿ ಹೆಚ್ಚಿನ ಅಕ್ಷರಗಳಿಗೆ ಎರಡೆರಡು ಬೈಟ್, ಅಂದರೆ ಸಂಕೇತದ ಎರಡು ತುಂಡು, ಬೇಕು. ಹಾಗಾಗಿ ವಿಂಡೋಸ್ ನಿಮ್ಮ ಕನ್ನಡದ ಎರಡು ತುಂಡನ್ನು ಜೋಡಿಸಿ ಒಂದು ಜಪಾನೀ ಅಕ್ಷರ ಅಂತ ಓದಿಬಿಡುತ್ತದೆ. ಎಲ್ಲ ಕಡೆ ಅಲ್ಲ, ಕೆಲವು ಕಡೆ ಮಾತ್ರ, ಅದಕ್ಕೇ ನಡುನಡುವೆ ಕಂಡಿದ್ದು.

ಇದನ್ನೂ ಪಾಸ್‌ವರ್ಡ್ ಪುಟವನ್ನೂ ಒಂದೇ ಜಾಗದಲ್ಲಿ ಸರಿ ಮಾಡಬಹುದು. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಐ ಎನ್ ಟಿ ಎಲ್ ಆಮೇಲೆ ಚುಕ್ಕಿ ಆಮೇಲೆ ಸಿ ಪಿ ಎಲ್ ಅಂತ ಟೈಪ್ ಮಾಡಿ ಎಂಟರ್ ಒತ್ತಿ. ಹಳೇ ಕಾಲದ ಚಿಕ್ಕ ಕಿಟಕಿ ತೆರೆಯುತ್ತದೆ. ಅದರ ಕೊನೆಯ ಟ್ಯಾಬ್ ಅಡ್ಮಿನಿಸ್ಟ್ರೇಟಿವ್. ಅಲ್ಲಿ ಎರಡು ಬಟನ್ ಇವೆ. ಮೇಲಿನದು ಕಾಪಿ ಸೆಟ್ಟಿಂಗ್ಸ್, ಅದನ್ನು ಒತ್ತಿದರೆ ಕೆಳಗೆ ವೆಲ್‌ಕಮ್ ಸ್ಕ್ರೀನ್ ಮತ್ತು ಹೊಸ ಯೂಸರ್ ಅಕೌಂಟ್ ಅಂತ ಎರಡು ಟಿಕ್ ಇರುತ್ತವೆ, ಎರಡನ್ನೂ ಹಾಕಿ. ಕೆಳಗಿನ ಬಟನ್ ಸಿಸ್ಟಮ್ ಲೊಕೇಲ್, ಹಳೇ ಪ್ರೋಗ್ರಾಂಗಳಿಗೆ ಅಂತ ನಾನು ಹೇಳಿದ ಸೆಟ್ಟಿಂಗ್ ಇದೇ, ಅದನ್ನು ಇಂಗ್ಲಿಷ್ ಯುನೈಟೆಡ್ ಸ್ಟೇಟ್ಸ್ ಮಾಡಿ. ಅಲ್ಲೇ ಬೀಟಾ ಅಂತ ಶುರುವಾಗುವ ಒಂದು ಯುಟಿಎಫ್-8 ಟಿಕ್ ಕಾಣುತ್ತದೆ, ಅದನ್ನು ಮುಟ್ಟಬೇಡಿ. ಹಾಕಿದರೆ ನುಡಿ ಫೈಲ್ ಮತ್ತೆ ಕೆಡುತ್ತದೆ. ಆಮೇಲೆ ರೀಸ್ಟಾರ್ಟ್ ಮಾಡಿ.

ಕೀಬೋರ್ಡ್ ಕೆಟ್ಟಿಲ್ಲ. ಜಪಾನ್ ಕೀಬೋರ್ಡಿನಲ್ಲಿ ಅಟ್ ಗುರುತು ಪಿ ಪಕ್ಕದಲ್ಲಿ ಅಚ್ಚಾಗಿರುತ್ತದೆ. ಇಂಗ್ಲಿಷ್ ಸೇರಿಸಿದಾಗ ಜೊತೆಗೆ ಅಮೆರಿಕದ ಕೀಬೋರ್ಡ್ ವಿನ್ಯಾಸವೂ ಬಂದಿದೆ, ಅದರ ಪ್ರಕಾರ ಪಿ ಪಕ್ಕದ್ದು ಚೌಕ ಬ್ರಾಕೆಟ್, ಅಟ್ ಬೇಕಾದರೆ ಶಿಫ್ಟ್ ಮತ್ತು 2. ಸ್ಪೇಸ್‌ಬಾರಿನ ಎರಡೂ ಪಕ್ಕ ಜಪಾನೀ ಬರಹದ ಕೀಗಳು ಇವೆ ಅಲ್ವಾ, ಅವೂ ಈಗ ಏನೂ ಮಾಡುವುದಿಲ್ಲ. ಮಗಳು ಕಾಲೇಜಿನ ಲ್ಯಾಬಿನಲ್ಲಿ ಹೇಗೂ ಅಮೆರಿಕದ ವಿನ್ಯಾಸವನ್ನೇ ಬಳಸುತ್ತಾಳೆ, ಹಾಗಾಗಿ ಅದಕ್ಕೇ ಕೈ ಕೂರಿಸಿಕೊಳ್ಳುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಅಚ್ಚಾಗಿರುವ ಹಾಗೇ ಬರಬೇಕು ಅನ್ನುವುದಾದರೆ ಜಪಾನೀಸ್ ಕೀಬೋರ್ಡನ್ನು ತೆಗೆಯದೆ ಇಟ್ಟುಕೊಳ್ಳಿ, ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿ ಅದಕ್ಕೆ ಬದಲಾಯಿಸಿ, ಕೆಳಗೆ ಮೂಲೆಯಲ್ಲಿ ಎ ಅಕ್ಷರ ಕಾಣುವ ಹಾಗೆ ಮಾಡಿಕೊಂಡರೆ ಇಂಗ್ಲಿಷೇ ಬೀಳುತ್ತದೆ.

ಪಾಸ್‌ವರ್ಡ್‌ನಲ್ಲಿ ಅಟ್ ಇದ್ದರೆ ಜೋಕೆ. ವೆಲ್‌ಕಮ್ ಸ್ಕ್ರೀನ್ ಬದಲಾದ ಮೇಲೆ ಅಲ್ಲೂ ಕೀ ಜಾಗ ಬದಲಾಗಿರುತ್ತದೆ, ಸರಿಯಾದ ಪಾಸ್‌ವರ್ಡನ್ನೇ ತಪ್ಪು ಅನ್ನುತ್ತದೆ. ಪಾಸ್‌ವರ್ಡ್ ಜಾಗದ ಬಲ ತುದಿಯಲ್ಲಿ ಕಣ್ಣಿನ ಗುರುತು ಇದೆ, ಅದನ್ನು ಒತ್ತಿ ಹಿಡಿದು ಏನು ಬಿದ್ದಿದೆ ಅಂತ ನೋಡಿಕೊಳ್ಳಿ.

ಎಲ್ಲಾದರೂ ಫೋಲ್ಡರ್ ಹೆಸರುಗಳ ನಡುವೆ ಓರೆಗೆರೆಯ ಬದಲು ಯೆನ್ ಗುರುತು ಕಂಡರೆ ಅದೂ ತಪ್ಪಲ್ಲ. 1969ರ ಜಪಾನೀ ಸಂಕೇತ ಪಟ್ಟಿಯಲ್ಲಿ ಆ ಜಾಗವನ್ನು ಯೆನ್‌ಗೆ ಕೊಟ್ಟಿದ್ದರು, ಜಪಾನೀ ಫಾಂಟ್‌ಗಳು ಇವತ್ತಿಗೂ ಹಾಗೇ ತೋರಿಸುತ್ತವೆ.

---

ಯೂನಿಕೋಡ್_ಮೈಸೂರು

ಕನ್ನಡದ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ, ನಾನು ಹೇಳುತ್ತೇನೆ. ಖಂಡಿತ ಆಗುತ್ತದೆ. ಮಾವನವರಿಗೆ ಅದೇ ಯಂತ್ರದಲ್ಲಿ ಬೇರೆ ಯೂಸರ್ ಅಕೌಂಟ್ ಮಾಡಿಕೊಡಿ. ಹೋಮ್ ಎಡಿಷನ್ನಿನಲ್ಲಿ ಒಬ್ಬೊಬ್ಬರ ಅಕೌಂಟಿಗೆ ಒಂದೊಂದು ಭಾಷೆ ಇಟ್ಟುಕೊಳ್ಳಬಹುದು. ಅವರ ಅಕೌಂಟಿನಲ್ಲಿ ಒಳಗೆ ಹೋಗಿ, ಇಂಗ್ಲಿಷ್ ಸೇರಿಸಿದ ಜಾಗದಲ್ಲೇ ಕನ್ನಡ ಸೇರಿಸಿ. ಮಗಳು ತನ್ನ ಅಕೌಂಟಿನಲ್ಲಿ ಇಂಗ್ಲಿಷ್, ಅಜ್ಜ ತಮ್ಮದರಲ್ಲಿ ಕನ್ನಡ, ಒಬ್ಬರದ್ದು ಇನ್ನೊಬ್ಬರಿಗೆ ಅಡ್ಡ ಬರುವುದಿಲ್ಲ.

ಇಂಗ್ಲಿಷ್ ಪ್ಯಾಕನ್ನು ಮಾತ್ರ ತೆಗೆಯಬೇಡಿ. ಕನ್ನಡದ ಪ್ಯಾಕ್ ಅದರ ಮೇಲೆ ನಿಲ್ಲುತ್ತದೆ, ಅನುವಾದ ಆಗದೆ ಉಳಿದ ಮಾತುಗಳು ಇಂಗ್ಲಿಷಿನಲ್ಲಿ ಕಾಣುತ್ತವೆ. ಸ್ಟಾರ್ಟ್ ಮೆನು, ಸೆಟ್ಟಿಂಗ್ಸ್, ಫೈಲ್ ಎಕ್ಸ್‌ಪ್ಲೋರರ್ ಇವೆಲ್ಲ ಕನ್ನಡದಲ್ಲಿ ಚೆನ್ನಾಗಿ ಬರುತ್ತವೆ. ಒಳಒಳಗೆ ಹೋದ ಹಾಗೆ ಇಂಗ್ಲಿಷ್ ಇಣುಕುತ್ತದೆ. ಆದರೂ ಬಳಸಿ ಅಂತಲೇ ನನ್ನ ಒತ್ತಾಯ. ಕಂಪ್ಯೂಟರ್ ನಮಗಲ್ಲ ಅಂತ ದೂರ ಕೂತ ಎಷ್ಟೋ ಹಿರಿಯರು ಮೆನುವಿನಲ್ಲಿ ಕನ್ನಡ ಕಂಡ ಕೂಡಲೇ ಕುರ್ಚಿ ಹತ್ತಿರ ಎಳೆದುಕೊಳ್ಳುವುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಟೈಪ್ ಮಾಡೋಕೆ ಬೇರೆ ಏನನ್ನೂ ಹಾಕಬೇಕಾಗಿಲ್ಲ. 2019ರ ಮೇ ತಿಂಗಳ ವಿಂಡೋಸ್ 10 ಅಪ್‌ಡೇಟ್‌ನಿಂದ ಈಚೆಗೆ ಕನ್ನಡ ಫೊನೆಟಿಕ್ ಅನ್ನುವ ಕೀಬೋರ್ಡ್ ವಿಂಡೋಸ್ ಜೊತೆಗೇ ಬರುತ್ತದೆ. ಭಾಷೆಯ ಪಟ್ಟಿಯಲ್ಲಿ ಕನ್ನಡದ ಪಕ್ಕದ ಮೂರು ಚುಕ್ಕಿ ಒತ್ತಿ, ಆಯ್ಕೆಗಳ ಒಳಗೆ ಕೀಬೋರ್ಡ್ ಸೇರಿಸು ಅನ್ನುವಲ್ಲಿ ಸಿಗುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಅಡಿಕೆ ಅಂತ ಹೊಡೆದರೆ ಕನ್ನಡದಲ್ಲಿ ಅಡಿಕೆ ಬರುತ್ತದೆ. ಮಾವನವರ ಕೈ ನುಡಿಯ ಕೆ.ಪಿ. ರಾವ್ ಕೀಬೋರ್ಡ್ ವಿನ್ಯಾಸಕ್ಕೇ ಒಗ್ಗಿದ್ದರೆ ನುಡಿಯನ್ನೇ ಹಾಕಿಕೊಡಿ, ಆದರೆ ಯೂನಿಕೋಡ್ ಆಯ್ಕೆ ಇಟ್ಟು ಕೊಡಿ. ಹಾಗೆ ಬರೆದರೆ ಯಾವ ದೇಶದ ಯಂತ್ರದಲ್ಲಿ ತೆರೆದರೂ ಲೆಕ್ಕ ಕನ್ನಡವಾಗಿಯೇ ಇರುತ್ತದೆ. ಹಳೇ ಫೈಲ್‌ಗಳನ್ನೂ ಬಿಡುವಾದಾಗ ನುಡಿಯ ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿಟ್ಟುಕೊಳ್ಳಿ.

---

ಹುಬ್ಬಳ್ಳಿ_ರಿಪೇರಿ

ಎಲ್ಲರೂ ಚೆನ್ನಾಗಿ ಹೇಳಿದ್ದಾರೆ. ಬಿಟ್ಟುಹೋದ ಒಂದೆರಡು ಸೇರಿಸುತ್ತೇನೆ. ಚಾರ್ಜರಿನ ಮೇಲೆ ಇನ್‌ಪುಟ್ ಅಂತ ಬರೆದಿರುವುದನ್ನು ಓದಿ. 100ರಿಂದ 240 ವೋಲ್ಟ್ ಅಂತ ಇದ್ದರೆ ನೇರವಾಗಿ ನಮ್ಮ ಕರೆಂಟಿಗೆ ಹಾಕಬಹುದು, ಪಿನ್ನು ಮಾತ್ರ ಚಪ್ಪಟೆ ಇರುತ್ತದೆ, ಸರಿಯಾದ ಅಡಾಪ್ಟರ್ ತನ್ನಿ. ಸಡಿಲ ಪ್ಲಗ್ಗಿಗೆ ಸಿಕ್ಕಿಸಿ ಕಿಡಿ ಹಾರಿಸಬೇಡಿ.

ಮುಂದೆ ಯಾವಾಗಲಾದರೂ ಯಂತ್ರ ನಿಧಾನ ಆಯಿತು ಅಂತ ಯಾರೋ ಹೇಳಿ ರೀಸೆಟ್ ಮಾಡೋಕೆ ಹೋದರೆ, ಕಂಪನಿ ಇಟ್ಟಿರುವ ರಿಕವರಿ ಪಾರ್ಟಿಷನ್ನಿಂದ ಮತ್ತೆ ಜಪಾನೀಸೇ ಬರಬಹುದು. ಅದಕ್ಕೆ ಮೊದಲೇ ಕನಿಷ್ಠ 8 ಜಿಬಿಯ ಖಾಲಿ ಪೆನ್‌ಡ್ರೈವ್ ತೆಗೆದುಕೊಂಡು, ಮೈಕ್ರೋಸಾಫ್ಟ್ ಸೈಟಿನಿಂದ ಮೀಡಿಯಾ ಕ್ರಿಯೇಷನ್ ಟೂಲ್ ಇಳಿಸಿ, ಭಾಷೆ ಇಂಗ್ಲಿಷ್ ಆರಿಸಿ ಇನ್‌ಸ್ಟಾಲ್ ಡ್ರೈವ್ ಮಾಡಿಟ್ಟುಕೊಳ್ಳಿ. ಬೇಕಾದಾಗ ಅದರಿಂದ ಹಾಕಿದರೆ ಕೀ ಕೇಳುವುದಿಲ್ಲ, ಮದರ್‌ಬೋರ್ಡಿನಿಂದ ತಾನೇ ಓದಿಕೊಳ್ಳುತ್ತದೆ. ಡಿಸ್ಕ್ ಎನ್‌ಕ್ರಿಪ್ಟ್ ಆಗಿದ್ದರೆ, ಅಂದರೆ ಕೀ ಇಲ್ಲದೆ ಓದಲಾಗದ ಹಾಗೆ ಬೀಗ ಬಿದ್ದಿದ್ದರೆ, 48 ಅಂಕಿಯ ರಿಕವರಿ ಕೀ ತಮ್ಮನ ಮೈಕ್ರೋಸಾಫ್ಟ್ ಅಕೌಂಟಿನಲ್ಲಿರುತ್ತದೆ. ಅವನು ಮುಂದಿನ ಸಲ ಫೋನ್ ಮಾಡಿದಾಗ ಅದನ್ನು ತೆಗೆಸಿ ಬರೆದಿಟ್ಟುಕೊಳ್ಳಿ, ಫೋಟೋಗಳನ್ನೂ ಬೇರೆ ಡಿಸ್ಕಿಗೆ ಹಾಕಿಬಿಡಿ.