ಟೊಮೆಟೊದ ‘ಟೂಟಾ’ವನ್ನು ಹಾತೆ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ. ಟೊಮೆಟೊ ಬೆಳೆಯುವವರಿಗೆ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಒಂದು ಹೆಸರಿನ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ: ಟೂಟಾ ಅಬ್ಸೊಲ್ಯೂಟಾ. ಟೊಮೆಟೊದ ಎಲೆ, ಹಣ್ಣು ಹಾಳುಮಾಡುವ ಕೀಟ ಇದು. ಇದಕ್ಕೆ ಕನ್ನಡದಲ್ಲಿ ಏನನ್ನಬೇಕು ಅನ್ನುವುದೇ ಪ್ರಶ್ನೆ.

ಇದರ ತವರು ದಕ್ಷಿಣ ಅಮೆರಿಕ. ಪೆರು ದೇಶದಲ್ಲಿ ಸಿಕ್ಕಿದ್ದನ್ನು ನೋಡಿ 1917ರಲ್ಲಿ ಕೀಟತಜ್ಞ ಮೇರಿಕ್ ಹೆಸರಿಟ್ಟರು. 2006ರಲ್ಲಿ ಸ್ಪೇನ್‌ಗೆ ಬಂತು, 2014ರಲ್ಲಿ ನಮ್ಮ ದೇಶದಲ್ಲೂ ಕಾಣಿಸಿಕೊಂಡಿತು.

ಇದನ್ನೂ ‘ರಂಗೋಲಿ ಹುಳು’ ಅಂದುಬಿಡೋಣ ಅಂತ ಕೆಲವರು ಹೇಳಿದರು. ನನಗೆ ಒಪ್ಪಿಗೆಯಾಗಲಿಲ್ಲ. ರಂಗೋಲಿ ಹುಳು ಒಂದು ಪುಟ್ಟ ನೊಣದ ಮರಿ. ಅದು ಎಲೆಯೊಳಗೆ ಹೋದ ದಾರಿ ಬಿಳಿ ಗೆರೆಯಾಗಿ ಸುತ್ತಿ ಸುತ್ತಿ ಕಾಣುತ್ತದೆ. ಹೆಸರು ಎಷ್ಟು ಚೆನ್ನಾಗಿ ಕೂತಿದೆ, ಅಲ್ವಾ? ಟೂಟಾದ ಮರಿ ಹಾಗಲ್ಲ. ಎಲೆಯ ಎರಡು ಪದರಗಳ ನಡುವಿನ ಹಸಿರನ್ನು ಅಗಲವಾಗಿ ಮೇಯುತ್ತದೆ. ಅಲ್ಲಿ ಪೊರೆಯಂಥ ಮಚ್ಚೆ ಉಳಿಯುತ್ತದೆ, ಆಮೇಲೆ ಎಲೆ ಸುಟ್ಟ ಹಾಗೆ ಒಣಗುತ್ತದೆ. ಹಣ್ಣನ್ನೂ ಕೊರೆಯುತ್ತದೆ.

ರೆಕ್ಕೆ ಬಂದ ಮೇಲೆ ನೋಡಿದರೆ ಜೋಳದ ಕಾಳಿಗಿಂತ ಸ್ವಲ್ಪ ಉದ್ದ, 5ರಿಂದ 7 ಮಿಲಿಮೀಟರ್ ಅಷ್ಟೇ. ಬೂದಿ ಬಣ್ಣ, ಮುಂದಿನ ರೆಕ್ಕೆಯ ಮೇಲೆ ಕಪ್ಪು ಚುಕ್ಕೆ, ದಾರದಂಥ ಮೀಸೆ. ಬಾಯಿಯ ಪಕ್ಕದ ಎರಡು ಅಂಗಗಳು ಕೊಂಬಿನ ಹಾಗೆ ಮೇಲಕ್ಕೆ ಬಾಗಿರುತ್ತವೆ. ಟೂಟಾ ಸೇರಿರುವ ಗೆಲೆಕಿಡೆ ಎಂಬ ಕೀಟ ಕುಟುಂಬದಲ್ಲಿ ಇದು ಎದ್ದು ಕಾಣುವ ಗುರುತು.

ಇದನ್ನು ‘ಚಿಟ್ಟೆ’ ಅಂದರೆ ಓದುವವರ ಮನಸ್ಸಿಗೆ ಹೂವು, ಬಣ್ಣ ಬರುತ್ತದೆ. ‘ಪತಂಗ’ ಪುಸ್ತಕದ ಮಾತು. ಅದಕ್ಕೆ ಸೂರ್ಯ ಅಂತಲೂ ಅರ್ಥವಿದೆ. ಬರೀ ‘ಹುಳು’ ಅಂದರೆ ಮರಿಯೋ ರೆಕ್ಕೆಯದೋ ಗೊತ್ತಾಗುವುದಿಲ್ಲ. ಔಷಧಿ ಹೊಡೆಯುವವರಿಗೆ ಈ ವ್ಯತ್ಯಾಸ ತುಂಬಾ ಮುಖ್ಯ. ಅದಕ್ಕೇ ರೆಕ್ಕೆಯದಕ್ಕೆ ‘ಹಾತೆ’, ಮರಿಗೆ ‘ಹುಳು’ ಅಂತ ಬಳಸಬೇಕು ಅನಿಸಿದೆ. ದೀಪಕ್ಕೆ ಬೀಳುವುದೇ ಹಾತೆ, ಟೂಟಾ ಕೂಡ ಬೆಳಕಿಗೆ ಬರುತ್ತದೆ.

ವಿಜ್ಞಾನದ ಹೆಸರನ್ನೇ ಇಟ್ಟುಕೊಳ್ಳೋಣ ಅಂದರೆ ಅದೂ ಒಂದು ಕಡೆ ನಿಂತಿಲ್ಲ. ಆ ಹೆಸರಿನ ಮೊದಲ ಪದ ಕುಲದ್ದು, ಅಂದರೆ ಹತ್ತಿರದ ನೆಂಟರ ಗುಂಪಿನದು. ಮೇರಿಕ್ ಇದನ್ನು ಥೊರಿಮಿಯಾ ಕುಲಕ್ಕೆ ಸೇರಿಸಿದ್ದರು. ಆಮೇಲೆ ಕುಲ ಮತ್ತೆ ಮತ್ತೆ ಬದಲಾಗಿ, 1994ರಲ್ಲಿ ಟೂಟಾ ಆಯಿತು. 2021ರಲ್ಲಿ ತಿರುಗಿ ಥೊರಿಮಿಯಾಕ್ಕೇ ಬಂತು. ಆಲೂಗಡ್ಡೆಯ ಗೆಡ್ಡೆ ಕೊರೆಯುವ ಹಾತೆಯೂ ಅದೇ ಕುಲದ್ದು. ಹಾಗಾಗಿ ‘ಆಲೂಗಡ್ಡೆ ಹಾತೆ’, ‘ಟೊಮೆಟೊ ಹಾತೆ’ ಅಂತ ಜೋಡಿಯಾಗಿ ಕರೆದರೆ ನೆಂಟಸ್ತನವೂ ಉಳಿಯುತ್ತದೆ.

ನಿಮ್ಮ ಕಡೆ ‘ಹಾತೆ’ ಈಗಲೂ ಮಾತಿನಲ್ಲಿದೆಯಾ? ಮಳೆ ಬಂದಾಗ ಏಳುವ ಗೆದ್ದಲಿಗೂ ಅದನ್ನೇ ಅನ್ನುತ್ತೀರಾ? ಹಾಗಿದ್ದರೆ ನಾನು ಬೇರೆ ಪದ ಹುಡುಕಬೇಕು.